ಹಳೇ ಮಾರುತಿ 800ರ ಇಂಜಿನ್ ವೈರಿಂಗ್ ಕಿಟ್ ಮನೆಯಲ್ಲೇ ಬದಲಿಸುವುದು ಹೇಗೆ?

ನನ್ನ 800 1997ರದ್ದು. ಕಾರ್ಬ್ಯುರೇಟರ್ ಗಾಡಿ, ಎಸಿ ಇಲ್ಲ. ಒಂದು ಮಳೆಗಾಲದಲ್ಲಿ ಮೂರು ವಾರ ಊರಿನ ಕೊಟ್ಟಿಗೆ ಪಕ್ಕ ನಿಂತಿತ್ತು. ವಾಪಸ್ ಹೊರಡುವ ದಿನ ಕೀ ತಿರುಗಿಸಿದರೆ ಸೆಲ್ಫ್ ಸದ್ದೇ ಇಲ್ಲ. ಬಾನೆಟ್ ಎತ್ತಿದೆ. ಏರ್ ಫಿಲ್ಟರ್ ಡಬ್ಬದ ಮೇಲೆ ಭತ್ತದ ಹೊಟ್ಟು, ಗೋಣಿಚೀಲದ ನಾರು. ಪಕ್ಕದಲ್ಲಿ ತಾಮ್ರ ಬಿಟ್ಟುಕೊಂಡ ನಾಲ್ಕೈದು ವೈರು. ಇಲಿ ಸಂಸಾರ ಹೂಡಿತ್ತು.

ಪೂರ್ತಿ ಇಲಿಯನ್ನೇ ಬೈಯುವ ಹಾಗೂ ಇರಲಿಲ್ಲ. ಟೇಪ್ ಬಿಚ್ಚುತ್ತಾ ಹೋದಂತೆ ಹಳೇ ಪಾಪಗಳೆಲ್ಲ ಹೊರಬಂದವು. ಹಾರ್ನ್‌ಗೆ ಯಾರೋ ಮನೆ ವೈರಿಂಗಿನ ಗಟ್ಟಿ ವೈರ್ ಎಳೆದಿದ್ದರು. ಫಾಗ್ ಲ್ಯಾಂಪ್ ಕಿತ್ತು ಎಷ್ಟೋ ವರ್ಷ ಆಗಿದೆ, ಅದರ ವೈರ್ ಮಾತ್ರ ಕರೆಂಟ್ ಇಟ್ಟುಕೊಂಡು ಸುಮ್ನೆ ನೇತಾಡುತ್ತಿತ್ತು. ಆವತ್ತೇ ತೀರ್ಮಾನ ಮಾಡಿದೆ: ತೇಪೆ ಸಾಕು, ಇಂಜಿನ್ ಸುತ್ತಲಿನ ವೈರುಗಳ ಇಡೀ ಕಟ್ಟನ್ನೇ, ಅಂದರೆ ವೈರಿಂಗ್ ಕಿಟ್ಟನ್ನೇ ಪೂರ್ತಿ ಬದಲಿಸೋಣ.

ಎರಡು ವಾರಾಂತ್ಯ ಹಿಡಿಯಿತು. ಮಾಡಿದ ಮೇಲೆ ಗೊತ್ತಾದದ್ದು ಏನೆಂದರೆ, ಇದಕ್ಕೆ ಕರೆಂಟಿನ ವಿದ್ಯೆ ಸ್ವಲ್ಪ ಸಾಕು, ಗುರುತು ಹಾಕುವ ತಾಳ್ಮೆ ಜಾಸ್ತಿ ಬೇಕು. ಹಳೇ ಕಿಟ್ಟೇ ನಿಮ್ಮ ನಕ್ಷೆ. ಗಾಡಿ ಹೊಸ ಕಿಟ್‌ನಲ್ಲಿ ಓಡುವವರೆಗೆ ಅದರ ಒಂದು ತುಂಡನ್ನೂ ಕತ್ತರಿಸಬೇಡಿ, ಎಸೆಯಬೇಡಿ.

ನಿಜವಾಗಲೂ ಬದಲಿಸಬೇಕಾ?

ಎರಡು ವೈರ್ ಕಡಿದಿದ್ದರೆ ಕಿಟ್ ಬೇಕಾಗಿಲ್ಲ. ಹೊಸ ತುಂಡು ಸೇರಿಸಿದರೆ ಆಯಿತು. ಬದಲಿಸಬೇಕೋ ಬೇಡವೋ ತಿಳಿಯಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆ ಹೊರಹೋಗುವ ಪೈಪು) ಹತ್ತಿರ ಹೋಗುವ ಒಂದು ವೈರ್ ಹಿಡಿದು ಮಡಚಿ ನೋಡಿ. ಅಲ್ಲಿ ಬಿಸಿ ಜಾಸ್ತಿ, ಪ್ಲಾಸ್ಟಿಕ್ ಮೊದಲು ಸಾಯುವುದು ಅಲ್ಲೇ. ಮೆತ್ತಗೆ ಬಗ್ಗಿದರೆ ಜೀವ ಇದೆ. ಹಪ್ಪಳದ ಹಾಗೆ ಚಟ್ ಅಂತ ಬಿರಿದರೆ ಅದರ ಜೊತೆಯ ವೈರುಗಳ ಗತಿಯೂ ಅಷ್ಟೇ.

ಇನ್ನೊಂದು ಪರೀಕ್ಷೆ ತಾಮ್ರದ್ದು. ಹಾಳಾದ ತುದಿಯಲ್ಲಿ ಒಂದು ಇಂಚು ಸುಲಿಯಿರಿ. ಎಳೆಗಳು ಕಪ್ಪಾಗಿವೆಯೇ, ಹಸಿರು ಕಟ್ಟಿವೆಯೇ? ಇನ್ನೂ ಮೂರು ಇಂಚು ಹಿಂದೆ ಹೋಗಿ ಸುಲಿಯಿರಿ. ಅಲ್ಲೂ ಕಪ್ಪು ಅಂದರೆ ನೀರು ವೈರಿನೊಳಗೇ ಹತ್ತಿದೆ. ಅಂಥ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಣುಕು) ಒತ್ತಿದರೂ ಸರಿಯಾಗಿ ಕೂರುವುದಿಲ್ಲ. ನನ್ನದರಲ್ಲಿ ಆಯಿಲ್ ಸ್ವಿಚ್ಚಿನ (ಇಂಜಿನ್ ಆಯಿಲಿನ ಒತ್ತಡ ನೋಡುವ ಸ್ವಿಚ್) ವೈರ್ ಅರ್ಧ ಅಡಿ ಒಳಗೂ ಕಪ್ಪಾಗಿತ್ತು.

ಕೊಳ್ಳುವಾಗ

1983ರ ಡಿಸೆಂಬರ್‌ನಲ್ಲಿ ಬಂದ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಾಗಾಗಿ ಸಾಮಾನಿಗೆ ಬರ ಇಲ್ಲ. ಆದರೆ 800 ಅಂದರೆ ಒಂದೇ ಗಾಡಿ ಅಲ್ಲ. ಕಾರ್ಬ್ಯುರೇಟರ್‌ದು ಬೇರೆ, ಎಂಪಿಎಫ್‌ಐದು (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜಿನ್) ಬೇರೆ. ಎಸಿ ಇರುವುದು, ಇಲ್ಲದ್ದು ಬೇರೆ. ಡಿಸ್ಟ್ರಿಬ್ಯೂಟರ್ ಅಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಭಾಗ. ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್, ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಎರಡರ ಕಪ್ಲರ್‌ಗಳೂ (ವೈರುಗಳನ್ನು ಸಿಗಿಸುವ ಪ್ಲಾಸ್ಟಿಕ್ ಜೋಡಣೆ) ಬೇರೆ. ಅಂಗಡಿಯಲ್ಲಿ "800 ಕಿಟ್ ಕೊಡಿ" ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಕಪ್ಲರ್‌ಗಳ ಫೋಟೋ ತೆಗೆದುಕೊಂಡು ಹೋಗಿ. ಹಳೇ ಕಿಟ್ ಮೇಲೆ ಪಾರ್ಟ್ ನಂಬರಿನ ಚೀಟಿ ಉಳಿದಿದ್ದರೆ ಅದರದ್ದೂ ಇರಲಿ.

ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಒಮ್ಮೆ ಸುತ್ತಿ ಬನ್ನಿ. ಶಿವಾಜಿನಗರದ ಗುಜರಿಯಲ್ಲಿ ಹಳೇ ಗಾಡಿಯ ಅಸಲಿ ಕಿಟ್ ಸಿಗಬಹುದು. ಆದರೆ ಅದಕ್ಕೂ ನಿಮ್ಮ ಗಾಡಿಯಷ್ಟೇ ವಯಸ್ಸಾಗಿರುತ್ತದೆ ಅಲ್ವಾ? ಗುಜರಿಯಿಂದ ನಾನು ತರುವುದು ಕಪ್ಲರ್ ಮಾತ್ರ, ವೈರ್ ತರುವುದಿಲ್ಲ.

ಹೊಸ ಕಿಟ್ ಕೈಗೆ ಬಂದಾಗ ಒಂದು ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ವಾಹಕತೆ ಅಷ್ಟೇ ದಪ್ಪದ ತಾಮ್ರದ್ದಕ್ಕೆ ಹೋಲಿಸಿದರೆ ನೂರಕ್ಕೆ ಸುಮಾರು 60 ಭಾಗ ಮಾತ್ರ. ಅಲುಗಾಟಕ್ಕೆ ಬೇಗ ಮುರಿಯುತ್ತದೆ ಕೂಡ. (ತಾಮ್ರಕ್ಕೂ ತವರದ ಬಿಳಿ ಲೇಪ ಇರಬಹುದು. ಅದನ್ನು ಕೆರೆದರೆ ಒಳಗೆ ಕೆಂಪು ಕಾಣುತ್ತದೆ, ಅದು ಒಳ್ಳೆಯದೇ.) ನಾನು ಮೊದಲು ತಂದ ಕಿಟ್ ಹೀಗೇ ಬೆಳ್ಳಗಿತ್ತು. ವಾದ ಮಾಡಿ ವಾಪಸ್ ಕೊಟ್ಟೆ.

ದಪ್ಪವನ್ನೂ ನೋಡಿ. 55 ವ್ಯಾಟ್‌ನ ಒಂದು ಹೆಡ್‌ಲೈಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಎರಡಕ್ಕೆ ಸೇರಿ 9 ದಾಟುತ್ತದೆ. ಆ ವೈರ್ ಆಯಿಲ್ ಸ್ವಿಚ್ಚಿನ ವೈರಿನಷ್ಟೇ ಸಣ್ಣಗಿದ್ದರೆ ಕಿಟ್ ಮಾಡಿದವನು ಕಂಜೂಸ್ ಅಂತಲೇ ಅರ್ಥ.

ಬೇಕಾಗುವ ಸಾಮಾನು

10, 12, 14 ನಂಬರ್ ಸ್ಪಾನರ್, ಸ್ಕ್ರೂಡ್ರೈವರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಲಗ್ ಒತ್ತುವ ಕ್ರಿಂಪಿಂಗ್ ಇಕ್ಕಳ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ, ಬಟ್ಟೆಯ ಹಾರ್ನೆಸ್ ಟೇಪ್, ಸೀಳಿದ ಸುರುಳಿ ಪೈಪ್, ಕೇಬಲ್ ಟೈ, ಎಮರಿ ಪೇಪರ್, ವ್ಯಾಸಲಿನ್. ಮಾಮೂಲಿ ಕಪ್ಪು ಇನ್ಸುಲೇಷನ್ ಟೇಪ್ ಬೇಡ. ಎರಡು ಬೇಸಿಗೆಗೆ ಅದರ ಅಂಟು ಹಲಸಿನ ಮೇಣದ ಹಾಗೆ ಹರಿಯುತ್ತದೆ. ಮೇಲಿನವುಗಳ ಜೊತೆ ಒಂದು 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬ್‌ಗೆ ಎರಡು ವೈರ್ ಕಟ್ಟಿ ಇಟ್ಟುಕೊಳ್ಳಿ. ಇದರ ಉಪಯೋಗ ಆಮೇಲೆ.

ಬೆಂಕಿ ಆರಿಸುವ ಒಣಪುಡಿಯ ಸಣ್ಣ ಸಿಲಿಂಡರ್ ಪಕ್ಕದಲ್ಲಿರಲಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಪೈಪ್ ಈ ವೈರುಗಳ ಪಕ್ಕದಲ್ಲೇ ಓಡುತ್ತದೆ. ಪೈಪ್ ಬೆವರುತ್ತಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ವೈರಿಂಗ್.

ಗುರುತು ಹಾಕುವ ಸಂಜೆ

ಮೊದಲ ದಿನ ಒಂದು ಕಪ್ಲರನ್ನೂ ಬಿಚ್ಚಬೇಡಿ. ಬ್ಯಾಟರಿಯ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ, ಬ್ಯಾಟರಿ ಕೆಳಗಿಳಿಸಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಅದಕ್ಕೇ ಈ ಕ್ರಮ. ನಂತರ ಫೋಟೋ. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಿಂದ ಒಂದು. ಕಿಟ್ ಎಲ್ಲಿ ಯಾವ ಕ್ಲಿಪ್ಪಿನ ಕೆಳಗೆ ಹೋಗುತ್ತದೆ, ಯಾವ ಪೈಪಿನ ಹಿಂದೆ ನುಸುಳುತ್ತದೆ, ಇದು ಮುಖ್ಯ. ತುದಿಗಳನ್ನು ಯಾರಾದರೂ ಹುಡುಕುತ್ತಾರೆ, ಮರೆಯುವುದು ದಾರಿಯನ್ನು.

ಈಗ ಮಾಸ್ಕಿಂಗ್ ಟೇಪ್ ಮತ್ತು ಪೆನ್. ಪ್ರತಿ ಕಪ್ಲರಿನ ಎರಡೂ ಕಡೆ ಒಂದೇ ನಂಬರ್ ಅಂಟಿಸಿ. ನೋಟ್‌ಬುಕ್ಕಿನಲ್ಲಿ ನಂಬರ್, ಜಾಗ, ವೈರಿನ ಬಣ್ಣ ಬರೆಯಿರಿ. ನನ್ನ ಪುಸ್ತಕದಲ್ಲಿದ್ದ ಪಟ್ಟಿ ಹೀಗಿತ್ತು: ಡೈನಮೋದ ದಪ್ಪ ವೈರ್ (ಆಲ್ಟರ್ನೇಟರ್‌ಗೆ ನಾವೆಲ್ಲ ಈಗಲೂ ಡೈನಮೋ ಅಂತಲೇ ಅನ್ನುವುದು), ಅದರ ಪಕ್ಕದ ಸಣ್ಣ ಕಪ್ಲರ್, ಸೆಲ್ಫ್‌ನ ಸಣ್ಣ ವೈರ್, ಆಯಿಲ್ ಪ್ರೆಶರ್ ಸ್ವಿಚ್, ಟೆಂಪರೇಚರ್ ಗೇಜಿನ ಸೆಂಡರ್, ರೇಡಿಯೇಟರ್ ಫ್ಯಾನ್ ಮೋಟರ್, ಅದರ ಥರ್ಮೋ ಸ್ವಿಚ್, ಇಗ್ನಿಷನ್ ಕಾಯಿಲಿನ ಪ್ಲಸ್ ಮತ್ತು ಮೈನಸ್, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರಿನ ಸೊಲೆನಾಯ್ಡ್, ಗೇರ್‌ಬಾಕ್ಸ್ ಮೇಲಿನ ರಿವರ್ಸ್ ಲೈಟ್ ಸ್ವಿಚ್. ಮುಂದೆ ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್. ಕೊನೆಗೆ ಅರ್ತಿಂಗ್ ಬೋಲ್ಟ್‌ಗಳು. ಅರ್ತಿಂಗ್ ಎಷ್ಟಿವೆ ಅಂತ ಎಣಿಸಿ ಬರೆಯಿರಿ, ಹಾಕುವಾಗ ಒಂದು ಬಿಟ್ಟುಹೋಗುವುದು ಖಂಡಿತ.

ಬಣ್ಣದ ವಿಷಯ ಒಂದು ಮಾತು. ಇಂಥ ಸುಝುಕಿ ಮೂಲದ ಗಾಡಿಗಳಲ್ಲಿ ಪೂರ್ತಿ ಕಪ್ಪು ವೈರ್ ಅರ್ತಿಂಗ್. ಕಪ್ಪಿನ ಮೇಲೆ ಬಿಳಿ ಗೆರೆ ಇದ್ದರೆ ಕೀ ಆನ್ ಮಾಡಿದಾಗ ಬರುವ ಕರೆಂಟ್. ಟಾರ್ಚ್ ಬೆಳಕಲ್ಲಿ, ಎಣ್ಣೆ ಜಿಡ್ಡು ಹತ್ತಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಒರೆಸಿ, ಆಮೇಲೆ ಬರೆಯಿರಿ. ಹೊರಗಿನ ಕಿಟ್‌ಗಳಲ್ಲಿ ಬಣ್ಣ ಬದಲಾಗಿರುವುದೂ ಉಂಟು. ಹಾಗಾಗಿ ಬಣ್ಣವನ್ನು ಪೂರ್ತಿ ನಂಬದೆ ನಂಬರನ್ನು ನಂಬಿ.

ಬಿಚ್ಚುವುದು

ಕಪ್ಲರಿನ ಲಾಕ್ ಒತ್ತಿ, ಕಪ್ಲರನ್ನೇ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆದರೆ ಪಿನ್ ಕಿತ್ತು ಬರುತ್ತದೆ. ಹಳೇ ಪ್ಲಾಸ್ಟಿಕ್ ಗಾಜಿನ ಹಾಗಾಗಿರುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದು ನಿಮಿಷ ಸುತ್ತಿಡಿ, ಮೆತ್ತಗಾಗುತ್ತದೆ. ಇದು ಗೊತ್ತಾಗುವ ಮೊದಲು ನಾನು ಎರಡು ಲಾಕ್ ಮುರಿದುಕೊಂಡಿದ್ದೆ.

ಇಂಜಿನ್ ಕಡೆಯಿಂದ ಶುರುಮಾಡಿ ಫೈರ್‌ವಾಲ್ ಕಡೆಗೆ ಬನ್ನಿ. ಫೈರ್‌ವಾಲ್ ಅಂದರೆ ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು. ಅದರಲ್ಲಿ ಒಂದು ರಬ್ಬರ್ ಗ್ರಾಮೆಟ್ ಮೂಲಕ ಕಿಟ್ ಒಳಗೆ ಹೋಗಿ ಡ್ಯಾಶ್‌ಬೋರ್ಡಿನ ಕೆಳಗಿನ ಕಪ್ಲರ್‌ಗಳಿಗೆ ಸೇರುತ್ತದೆ. ಆ ಕಪ್ಲರ್‌ಗಳನ್ನು ಬಿಚ್ಚಿದ ಮೇಲೆ ಕ್ಯಾಬಿನ್ ಒಳಗಿನ ತುದಿಗೆ ಒಂದು ಗಟ್ಟಿ ದಾರ ಕಟ್ಟಿ. ಹಳೇ ಕಿಟ್ ಹೊರಗೆ ಎಳೆದಂತೆ ದಾರ ತೂತಿನಲ್ಲಿ ಉಳಿಯುತ್ತದೆ. ಹೊಸ ಕಿಟ್ಟನ್ನು ಅದೇ ದಾರಕ್ಕೆ ಕಟ್ಟಿ ಒಳಗೆ ಎಳೆದುಕೊಳ್ಳಬಹುದು. ಲಂಗದ ಲಾಡಿ ಪೋಣಿಸಿದ ಹಾಗೆ. ದಾರ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಒಂದು ಮಧ್ಯಾಹ್ನ ಕಳೆಯುತ್ತೀರಿ.

ಜಗಲಿ ಮೇಲೆ ಎರಡೂ ಕಿಟ್

ಹೊಸದನ್ನು ನೇರ ಗಾಡಿಗೆ ಹಾಕುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಹಳೇದನ್ನು ಗಾಡಿಯಲ್ಲಿದ್ದ ಆಕಾರಕ್ಕೇ ಜಗಲಿ ಮೇಲೆ ಹರಡಿ. ಪಕ್ಕದಲ್ಲಿ ಹೊಸದು. ಪ್ರತಿ ಕವಲು ಎಲ್ಲಿ ಒಡೆಯುತ್ತದೆ, ಎಷ್ಟು ಉದ್ದ ಇದೆ, ಕಪ್ಲರ್ ಒಂದೇ ಥರವೇ ಅಂತ ನೋಡಿ. ನಂತರ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಪಿನ್‌ನಿಂದ ಪಿನ್‌ಗೆ ಪರೀಕ್ಷೆ. ಹಳೇದರಲ್ಲಿ ಡ್ಯಾಶ್ ಕಪ್ಲರಿನ ಮೇಲಿನ ಸಾಲಿನ ಮೂರನೇ ಪಿನ್ ಆಯಿಲ್ ಸ್ವಿಚ್ಚಿಗೆ ಹೋದರೆ, ಹೊಸದರಲ್ಲೂ ಅಲ್ಲಿಗೇ ಹೋಗಬೇಕು.

ನನ್ನ ಹೊಸ ಕಿಟ್‌ನಲ್ಲಿ ಆಯಿಲ್ ಸ್ವಿಚ್ ಮತ್ತು ಟೆಂಪರೇಚರ್ ವೈರ್ ಅದಲುಬದಲಾಗಿದ್ದವು. ಎರಡೂ ಒಂಟಿ ವೈರ್, ತುದಿಯೂ ಒಂದೇ ಥರ. ಹಾಗೇ ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಇಂಜಿನ್ ಓಡುವಾಗ ಪ್ರೆಶರ್ ಬಂದರೆ ಆಯಿಲ್ ಸ್ವಿಚ್ ಕರೆಂಟ್ ಕಡಿಯುತ್ತದೆ. ಆಗ ಟೆಂಪರೇಚರ್ ಮುಳ್ಳು ಕೆಳಗೇ ಬಿದ್ದಿರುತ್ತಿತ್ತು, ಇಂಜಿನ್ ಎಷ್ಟು ಕಾದರೂ. ಪೂರ್ತಿ ಕಿಟ್ ಪರೀಕ್ಷೆಗೆ ಒಂದೂವರೆ ಗಂಟೆ ಹೋಯಿತು, ಆದರೆ ಒಂದು ಇಂಜಿನ್ ಉಳಿಯಿತು.

ತುದಿ ಬದಲಿಸಬೇಕಾದ ಕಡೆ ಬೆಸುಗೆಗಿಂತ ಕ್ರಿಂಪ್ ಒಳ್ಳೆಯದು. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯ ಹಾಗೆ ಮಾಡುತ್ತದೆ. ಇಂಜಿನ್ ಅಲುಗಾಟಕ್ಕೆ ಆ ಕಡ್ಡಿ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಕ್ರಿಂಪ್ ಮಾಡಿ, ಗಟ್ಟಿಯಾಗಿ ಎಳೆದು ನೋಡಿ, ಮೇಲೆ ಹೀಟ್ ಶ್ರಿಂಕ್ ಹಾಕಿ.

ಅರ್ತಿಂಗ್

ಹಳೇ ಗಾಡಿಯ ಅರ್ಧ ರೋಗ ಇಲ್ಲೇ ಇರುವುದು. ಹೊಸ ಕಿಟ್ ಹಾಕಿ ತುಕ್ಕು ಹಿಡಿದ ಬೋಲ್ಟಿಗೆ ಅರ್ತಿಂಗ್ ಬಿಗಿದರೆ ಹೊಸದಾಗಿ ಏನೂ ಸಿಗುವುದಿಲ್ಲ. ಪ್ರತಿ ಜಾಗವನ್ನೂ ಎಮರಿ ಪೇಪರಿನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ. ಲಗ್ ಬಿಗಿಯಿರಿ. ಬಿಗಿದ ಮೇಲೆ ವ್ಯಾಸಲಿನ್ ಸವರಿ, ತೇವ ಹತ್ತುವುದಿಲ್ಲ.

ಇಂಜಿನ್‌ನಿಂದ ಬಾಡಿಗೆ ಇರುವ ದಪ್ಪ ಅರ್ತಿಂಗ್ ಪಟ್ಟಿ ಕಿಟ್ ಜೊತೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅರ್ತಿಂಗ್ ಸರಿ ಇಲ್ಲದಿದ್ದರೆ ಸೆಲ್ಫ್‌ನ ಕರೆಂಟ್ ವಾಪಸ್ ಬರಲು ಸಿಕ್ಕಿದ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಯಾವುದಾದರೂ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಹೊಗೆಯಾಡಿದ್ದನ್ನು ನಾನೇ ಕಂಡಿದ್ದೇನೆ. ಮೂರು ಗ್ಯಾರೇಜ್ ಸುತ್ತಿದ ಮೇಲೆ ಗೊತ್ತಾದದ್ದು, ಗೇರ್‌ಬಾಕ್ಸ್ ಇಳಿಸಿದವರು ಆ ಪಟ್ಟಿ ವಾಪಸ್ ಹಾಕಿರಲೇ ಇಲ್ಲ.

ಹಾಕುವುದು

ದಾರ ಎಳೆದು ಕಿಟ್ ಒಳಗೆ ಸೇರಿಸಿ. ಗ್ರಾಮೆಟ್ ಹೊಸದೇ ಹಾಕಿ, ತೂತಿನ ಅಂಚಿಗೆ ಸರಿಯಾಗಿ ಕೂರಿಸಿ. ಅಂಚಿನ ತಗಡು ಬ್ಲೇಡಿನಷ್ಟೇ ಚೂಪು. ಅಲ್ಲಿಂದ ಮುಂದೆ ಫೋಟೋ ನೋಡಿಕೊಂಡು ಹಳೇ ದಾರಿಯಲ್ಲೇ ಹೋಗಿ. ಕ್ಲಿಪ್, ಟೈ ಯಾವುದನ್ನೂ ಈಗ ಬಿಗಿಯಬೇಡಿ. ಎಲ್ಲ ಕಪ್ಲರ್ ಸೇರಿದ ಮೇಲೆ ಕೊನೆಗೆ ಬಿಗಿಯುವುದು.

ಇಂಜಿನ್‌ಗೆ ಹೋಗುವ ಪ್ರತಿ ಕವಲಿಗೂ ಸ್ವಲ್ಪ ಸಡಿಲ ಬಿಡಿ. ಮೂರು ಸಿಲಿಂಡರಿನ ಇಂಜಿನ್, ಸ್ಟಾರ್ಟ್ ಆಗುವಾಗ ನಾಯಿ ಮೈ ಕೊಡವಿದ ಹಾಗೆ ಕೊಡವುತ್ತದೆ. ಬಿಗಿಯಾಗಿದ್ದರೆ ಮೊದಲು ಕಿತ್ತು ಬರುವುದು ಆಯಿಲ್ ಸ್ವಿಚ್ಚಿನ ವೈರ್. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ನಾಲ್ಕು ಬೆರಳಾದರೂ ದೂರ ಇಡಿ. ಫ್ಯಾನ್ ರೆಕ್ಕೆ, ಬೆಲ್ಟ್ ಕಡೆ ಏನೂ ಜೋತಾಡಬಾರದು.

ಕಾಯಿಲಿನ ಪ್ಲಸ್, ಮೈನಸ್ ಎರಡು ಸಲ ನೋಡಿ. ಪಾಯಿಂಟ್ ಗಾಡಿಯಲ್ಲಿ ತಿರುಗುಮುರುಗಾದರೆ ಕಿಡಿ ಮಂಕಾಗುತ್ತದೆ, ಎಲೆಕ್ಟ್ರಾನಿಕ್ ಆದರೆ ಇಗ್ನೈಟರ್ ಸುಟ್ಟೇ ಹೋಗಬಹುದು. ಸೆಲ್ಫ್ ಮತ್ತು ಡೈನಮೋದ ದಪ್ಪ ಬೋಲ್ಟುಗಳ ಮೇಲೆ ರಬ್ಬರ್ ಟೋಪಿ ಹಾಕಿ. ಬ್ಯಾಟರಿಯಿಂದ ಸೆಲ್ಫ್‌ಗೆ ಬರುವ ಕೇಬಲ್ಲಿಗೆ ಫ್ಯೂಸೇ ಇಲ್ಲ. ಸ್ಪಾನರ್ ತಾಗಿದರೆ ಬೆಂಕಿಯೇ.

ಬಲ್ಬ್ ಪರೀಕ್ಷೆ

ಬ್ಯಾಟರಿ ಕೂರಿಸಿ ಪಾಸಿಟಿವ್ ಬಿಗಿಯಿರಿ. ನೆಗೆಟಿವ್ ಕೇಬಲ್ ನೇರ ಹಾಕಬೇಡಿ. ಬ್ಯಾಟರಿಯ ನೆಗೆಟಿವ್‌ಗೂ ಆ ಕೇಬಲ್ಲಿಗೂ ನಡುವೆ 21 ವ್ಯಾಟ್ ಬಲ್ಬ್ ಸಿಗಿಸಿ. ಕೀ ಆಫ್ ಇದ್ದಾಗಲೂ ಕರೆಂಟ್ ಇರುವ ವೈರುಗಳಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟೇ. 1.75 ಆಂಪಿಯರ್‌ಗಿಂತ ಜಾಸ್ತಿ ಹರಿಯುವುದಿಲ್ಲ, ವೈರ್ ಸುಡುವುದಿಲ್ಲ. ಕೀ ಆಫ್, ಎಲ್ಲ ಸ್ವಿಚ್ ಆಫ್ ಇದ್ದಾಗ ಬಲ್ಬ್ ಉರಿಯಬಾರದು.

ನಾನು ಸಿಗಿಸಿದ ತಕ್ಷಣ ಮಂದವಾಗಿ ಉರಿಯಿತು. ಎದೆ ಧಸಕ್ ಅಂದಿತು. ಒಂದೊಂದೇ ಫ್ಯೂಸ್ ಕಿತ್ತೆ. ಮೂರನೆಯದಕ್ಕೆ ಆರಿತು. ಅದನ್ನು ವಾಪಸ್ ಹಾಕಿ ನೋಡಿದರೆ ಕಾರಿನ ಬಾಗಿಲು ತೆರೆದಿತ್ತು, ಒಳಗಿನ ದೀಪವೂ ಮಂದವಾಗಿ ಉರಿಯುತ್ತಿತ್ತು. ಬಾಗಿಲು ಹಾಕಿ, ಆಮೇಲೆ ಪರೀಕ್ಷೆ ಮಾಡಿ.

ಬಲ್ಬ್ ಆರಿದ್ದರೆ ಅದನ್ನು ತೆಗೆದು ನೆಗೆಟಿವ್ ಬಿಗಿಯಿರಿ. ಫ್ಯೂಸ್‌ಗಳನ್ನು ಕಿತ್ತು, ಒಂದೊಂದಾಗಿ ವಾಪಸ್ ಹಾಕುತ್ತಾ ಆಯಾ ದೀಪ, ಹಾರ್ನ್, ವೈಪರ್ ನೋಡಿ. ಕೀ ಆನ್ ಮಾಡಿದಾಗ ಆಯಿಲ್ ದೀಪ, ಚಾರ್ಜ್ ದೀಪ ಎರಡೂ ಉರಿಯಲೇಬೇಕು. ಚಾರ್ಜ್ ದೀಪ ಉರಿಯದಿದ್ದರೆ ಡೈನಮೋದ ಸಣ್ಣ ಕಪ್ಲರ್ ನೋಡಿ. ಕೀ ಆನ್ ಇಟ್ಟು ಊಟಕ್ಕೆ ಹೋಗಬೇಡಿ, ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ ಕಾದು ಹಾಳಾಗುತ್ತದೆ.

ಈಗ ಕಾಯಿಲಿನ ಪ್ಲಸ್ ವೈರ್ ಬಿಚ್ಚಿ ಟೇಪ್ ಸುತ್ತಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಸೆಲ್ಫ್ ಹೊಡೆಯಲು ಒಬ್ಬರನ್ನು ಕೂರಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ. ಸೆಲ್ಫ್ ತಿರುಗುವಾಗ 0.2 ವೋಲ್ಟ್ ಒಳಗಿದ್ದರೆ ಅರ್ತಿಂಗ್ ಚೆನ್ನಾಗಿದೆ. ಜಾಸ್ತಿ ಇದ್ದರೆ ಎಮರಿ ಪೇಪರಿಗೆ ವಾಪಸ್.

ಕಾಯಿಲ್ ವೈರ್ ಸೇರಿಸಿ ಸ್ಟಾರ್ಟ್ ಮಾಡಿ. ಸ್ವಲ್ಪ ರೇಸ್ ಕೊಟ್ಟಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಕಾಣಬೇಕು. ನಂತರ ಇಂಜಿನ್ ಕಾಯಲು ಬಿಡಿ, ಮುಳ್ಳಿನ ಮೇಲೆ ಕಣ್ಣಿರಲಿ. ಫ್ಯಾನ್ ತಾನಾಗಿ ಶುರುವಾಗುವುದನ್ನು ಕಣ್ಣಾರೆ ನೋಡುವವರೆಗೆ ರಸ್ತೆಗೆ ಇಳಿಯಬೇಡಿ. ಶುರುವಾಗದೆ ಮುಳ್ಳು ಏರುತ್ತಿದ್ದರೆ ತಕ್ಷಣ ಇಂಜಿನ್ ಆಫ್ ಮಾಡಿ. ಥರ್ಮೋ ಸ್ವಿಚ್ಚಿನ ಕಪ್ಲರ್ ಬಿಚ್ಚಿ, ಕೀ ಮಾತ್ರ ಆನ್ ಮಾಡಿ. ಕಪ್ಲರಿನಲ್ಲಿ ಎರಡು ವೈರ್ ಇದ್ದರೆ ಅವೆರಡನ್ನು ಸೇರಿಸಿ, ಒಂದೇ ಇದ್ದರೆ ಅದನ್ನು ಬಾಡಿಗೆ ತಾಗಿಸಿ. ಫ್ಯಾನ್ ತಿರುಗಿದರೆ ಕಿಟ್ ಸರಿ ಇದೆ, ಸ್ವಿಚ್ ಕೆಟ್ಟಿದೆ.

ಎಂಪಿಎಫ್‌ಐ ಗಾಡಿಯವರಿಗೆ ಒಂದು ಎಚ್ಚರಿಕೆ. ಬಿಚ್ಚುವ, ಗುರುತು ಹಾಕುವ ಕ್ರಮ ಇದೇ. ಆದರೆ ಸೆನ್ಸರ್ ವೈರುಗಳಿಗೆ ಟೆಸ್ಟ್ ಬಲ್ಬ್ ಹಿಡಿಯಬೇಡಿ, ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಕೆಡಬಹುದು. ಅಲ್ಲಿ ಮಲ್ಟಿಮೀಟರ್ ಮಾತ್ರ.

ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಾನೆಟ್ ಎತ್ತಿ ಅರ್ತಿಂಗ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಎಲ್ಲಾದರೂ ವೈರ್ ಉಜ್ಜುತ್ತಿದೆಯೇ ನೋಡಿ. ನನ್ನದರಲ್ಲಿ ಹಾರ್ನ್ ವೈರ್ ರೇಡಿಯೇಟರ್ ಅಂಚಿಗೆ ತಾಗುತ್ತಿತ್ತು, ಒಂದು ಟೈ ಹಾಕಿದೆ.

ಇಲಿಗೆ ನುಸಿಗುಳಿಗೆ, ಹೊಗೆಸೊಪ್ಪು, ಖಾರದಪುಡಿ ಎಲ್ಲ ಇಟ್ಟು ನೋಡಿದ್ದಾಯಿತು. ನಾಲ್ಕು ದಿನ ಅಷ್ಟೇ. ಈಗ ಕೊಟ್ಟಿಗೆಯಿಂದ ದೂರ ನಿಲ್ಲಿಸುತ್ತೇನೆ, ಎರಡು ದಿನಕ್ಕೊಮ್ಮೆ ಸ್ಟಾರ್ಟ್ ಮಾಡುತ್ತೇನೆ. ಹಳೇ ಕಿಟ್ ನಂಬರ್ ಚೀಟಿಗಳ ಸಮೇತ ಅಟ್ಟದ ಮೇಲಿದೆ. ಅಕ್ಕಿ ಡ್ರಮ್ಮಿನೊಳಗೆ, ಮುಚ್ಚಳ ಬಿಗಿದು. ಇಲಿ ಅಲ್ಲಿಗೂ ಬರುತ್ತದೆ ಅಲ್ವಾ?